ಕಿವಿ ಇರುವ ಬಿಸ್ಕತ್ತು

ಬ್ಲಾಗ್ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. "ಬದುಕಿದ್ದೀಯೇನಪ್ಪಾ?" ಅಂತ ಮೇಲ್ ಹಾಕಿದವರಿಗೆಲ್ಲ ಥ್ಯಾಂಕ್ಸ್, ಬದುಕಿದ್ದೇನೆ :-) ಪ್ರಾಜೆಕ್ಟ್ ಕೆಲಸದ ಮೇಲೆ ಜರ್ಮನಿಗೆ ಬಂದಿದ್ದೇನೆ. ರಿಲೀಸ್ ಮುಗಿದ ಖುಷಿಗೆ ನಾವು ಮೂವರು ಸಹೋದ್ಯೋಗಿಗಳು ರಜೆ ಹಾಕಿ ಟರ್ಕಿಯ ಬೋದ್ರುಮ್ ಎಂಬ ಊರಿಗೆ ಹೋಗಿ ಬಂದೆವು. ಫೋಟೋಗಳು ಇನ್ನೊಂದು ದಿನ. ಇವತ್ತು ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಬರೆದುಬಿಡುತ್ತೇನೆ.

ಬೋದ್ರುಮ್ ಇರುವುದು ಏಜಿಯನ್ ಸಮುದ್ರದ ದಡದಲ್ಲಿ. ಗುಡ್ಡದ ಮೈತುಂಬ ಸುಣ್ಣ ಬಳಿದಂಥ ಬಿಳಿ ಮನೆಗಳು, ಗೋಡೆಗಳ ಮೇಲೆ ಕಾಗದದ ಹೂವಿನ ಬಳ್ಳಿ, ಬಂದರಿನಲ್ಲಿ ಸಾಲಾಗಿ ಮರದ ದೋಣಿಗಳು, ಎದುರಿಗೆ ಗ್ರೀಸ್‌ಗೆ ಸೇರಿದ ಕೋಸ್ ದ್ವೀಪ. ಪಕ್ಕದ ಗುಂಬೆತ್, ಬಿತೆಜ್‌ಗಳಲ್ಲಿ ಬೀಚು. ನೀರು ಎಷ್ಟು ತಿಳಿ ಎಂದರೆ ಎದೆಮಟ್ಟ ನೀರಲ್ಲಿ ನಿಂತರೂ ನಮ್ಮ ಕಾಲ್ಬೆರಳು ಎಣಿಸಬಹುದು. ರಾತ್ರಿಯೆಲ್ಲ ಹಾಡು, ಕುಣಿತ. ಬರುವವರಲ್ಲಿ ಹೆಚ್ಚಿನವರು ಇದಕ್ಕೇ ಬರುತ್ತಾರೆ. ತಪ್ಪೇನಿಲ್ಲ, ನಾವೂ ಎರಡು ದಿನ ಅದನ್ನೇ ಮಾಡಿದೆವು.

ಮೂರನೇ ದಿನ ನಾನು ಹಟ ಮಾಡಿ ಗೆಳೆಯರನ್ನು 'ಪ್ರಾಚೀನ ಜಗತ್ತಿನ ಏಳು ಅದ್ಭುತ'ಗಳಲ್ಲಿ ಒಂದನ್ನು ತೋರಿಸಲು ಎಳೆದುಕೊಂಡು ಹೋದೆ. ಈ ಊರಿನ ಹಳೆಯ ಹೆಸರು ಹ್ಯಾಲಿಕಾರ್ನಾಸಸ್. ಇತಿಹಾಸದ ಪಿತಾಮಹ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆರೊಡೊಟಸ್ ಹುಟ್ಟಿದ ಊರು. ಇಲ್ಲಿ ಆಳುತ್ತಿದ್ದ ಮೌಸೋಲಸ್ ಕ್ರಿ.ಪೂ. 353ರಲ್ಲಿ ತೀರಿಕೊಂಡ. ಅವನಿಗೆ ಕಟ್ಟಿದ ಸಮಾಧಿಯ ಎತ್ತರ ಸುಮಾರು 45 ಮೀಟರ್. ಇಂಗ್ಲಿಷಿನವರು ದೊಡ್ಡ ಗೋರಿಗೆಲ್ಲ 'ಮಾಸೊಲಿಯಮ್' ಅನ್ನುವುದು ಇವನ ಹೆಸರಿನಿಂದಲೇ.

ಹೋಗಿ ನೋಡಿದರೆ ಅಲ್ಲಿರುವುದು ಒಂದು ದೊಡ್ಡ ಗುಂಡಿ! ಸುತ್ತ ಒಂದಷ್ಟು ಮುರಿದ ಕಂಬದ ತುಂಡುಗಳು.

"ಗುಂಡಿ ನೋಡೋಕೆ ದುಡ್ಡು ಕೊಟ್ಟು ಕರ್ಕೊಂಡ್ ಬಂದ್ಯಲ್ಲೋ, ಬೆಂಗಳೂರಲ್ಲಿ ಫ್ರೀಯಾಗಿ ನೋಡ್ತಿದ್ವಲ್ಲ" ಅಂದ ಒಬ್ಬ. ಉತ್ತರ ಕೊಡಲಾಗಲಿಲ್ಲ :-(

ಕಟ್ಟಡ ಎಲ್ಲಿಗೆ ಹೋಯಿತು? ಒಂದಿಷ್ಟು ಭೂಕಂಪಗಳಲ್ಲಿ ಬಿತ್ತು. ಉಳಿದದ್ದು ಹತ್ತು ನಿಮಿಷದ ನಡಿಗೆಯಲ್ಲೇ, ಬಂದರಿನ ಕೋಟೆಯ ಗೋಡೆಯಲ್ಲಿದೆ. 15ನೇ ಶತಮಾನದ ಆರಂಭದಲ್ಲಿ ರೋಡ್ಸ್ ದ್ವೀಪದ ಕ್ರೈಸ್ತ ಯೋಧರು ಈ ಕೋಟೆ ಕಟ್ಟಲು ಶುರು ಮಾಡಿದರು. ಆಮೇಲೆ ಅದನ್ನು ಬಲಪಡಿಸುವಾಗ ಸಮಾಧಿಯ ಕಲ್ಲುಗಳನ್ನು ಕಿತ್ತು ತಂದು ಗೋಡೆಗೆ ಹಾಕಿದರು, ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದರು. ಇಷ್ಟೆಲ್ಲ ಮಾಡಿಯೂ 1522ರಲ್ಲಿ ರೋಡ್ಸ್ ಸುಲ್ತಾನ ಸುಲೇಮಾನನ ಕೈಗೆ ಹೋದಾಗ ಈ ಕೋಟೆಯನ್ನೂ ಬಿಟ್ಟು ಹೋಗಬೇಕಾಯಿತು. 1850ರ ದಶಕದಲ್ಲಿ ಚಾರ್ಲ್ಸ್ ನ್ಯೂಟನ್ ಬಂದು ಅಗೆದ. ಸಿಕ್ಕ ವಿಗ್ರಹಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಊರಿಗೆ ಉಳಿದದ್ದು ಗುಂಡಿ.

ಅದೇ ಕೋಟೆಯೊಳಗೆ ಈಗ ಸಮುದ್ರದಡಿಯ ಪುರಾತತ್ವ ಮ್ಯೂಸಿಯಂ ಇದೆ. ನನ್ನ ಬಾಯಿ ಮುಚ್ಚಿಸಿದ್ದು ಅದು.

ಬೋದ್ರುಮ್ ಮೊದಲು ಸ್ಪಂಜು ತೆಗೆಯುವವರ ಊರು. ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತಂದು ಮಾರುವುದು ಅವರ ಕಸುಬು. ಪ್ರಾಣವನ್ನೇ ಪಣಕ್ಕಿಡುವ ಕೆಲಸ. ಪತ್ರಿಕೆಯಲ್ಲಿ ಬರೆದದ್ದಕ್ಕೆ 1925ರಲ್ಲಿ ಇಲ್ಲಿಗೆ ಗಡಿಪಾರಾಗಿ ಬಂದ ಲೇಖಕ ಜೆವಾತ್ ಶಾಕಿರ್, ಶಿಕ್ಷೆ ಮುಗಿದ ಮೇಲೂ ಇಲ್ಲಿಗೇ ವಾಪಸ್ ಬಂದು, 'ಹ್ಯಾಲಿಕಾರ್ನಾಸಸ್‌ನ ಬೆಸ್ತ' ಎಂಬ ಹೆಸರಿಟ್ಟುಕೊಂಡು ಈ ಜನರ ಬಗ್ಗೆಯೇ ಬರೆದ. 1950ರ ದಶಕದ ಕೊನೆಗೆ ಅಮೆರಿಕದ ಪತ್ರಕರ್ತ ಪೀಟರ್ ಥ್ರಾಕ್‌ಮಾರ್ಟನ್ ಇಲ್ಲಿಗೆ ಬಂದು ಅವರ ಜೊತೆ ಕೂತು ಮಾತು ಕೇಳಿದ. ಕೆಮಾಲ್ ಅರಸ್ ಎಂಬ ದೋಣಿ ಕ್ಯಾಪ್ಟನ್, ಸಮುದ್ರದ ತಳದಲ್ಲಿ ಹಳೇ ಲೋಹದ ರಾಶಿಯೊಂದಿದೆ, ಸಿಡಿಮದ್ದು ಇಟ್ಟು ಒಡೆದು ಗುಜರಿಗೆ ಹಾಕೋಣ ಅಂತಿದ್ದೇವೆ ಅಂದನಂತೆ. ಅದೇ ಗೆಲಿಡೋನ್ಯ ಭೂಶಿರದ ಹತ್ತಿರ ಮುಳುಗಿದ್ದ ಕಂಚಿನ ಯುಗದ ಹಡಗು! 1960ರಲ್ಲಿ ಜಾರ್ಜ್ ಬಾಸ್ ತಂಡ ನೀರೊಳಗೇ ಕೂತು ಅದನ್ನು ಉತ್ಖನನ ಮಾಡಿತು.

ಆಮೇಲೆ ಈ ಸಂಶೋಧಕರು ಒಂದು ಒಳ್ಳೆ ಕೆಲಸ ಮಾಡಿದರು. ಸ್ಪಂಜಿನವರ ಊರೂರಿಗೆ ಹೋಗಿ, ಇಂಥ ವಸ್ತು ಕಂಡರೆ ಹೇಳಿ ಅಂತ ಚಿತ್ರ ತೋರಿಸಿದರು. 1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಮುಳುಗುಗಾರ ಕಾಶ್ ಎಂಬ ಊರಿನ ಬಳಿ ಉಲುಬುರುನ್‌ನಲ್ಲಿ ನೀರಿಂದ ಎದ್ದು ಬಂದು, "ಕೆಳಗೆ ಕಿವಿ ಇರುವ ಲೋಹದ ಬಿಸ್ಕತ್ತು ಇವೆ" ಅಂದ. ಕ್ಯಾಪ್ಟನ್ ನಗಲಿಲ್ಲ. ಚಿತ್ರದಲ್ಲಿ ನೋಡಿದ್ದು ನೆನಪಾಯಿತು. ಆ ಕಿವಿ ಬಿಸ್ಕತ್ತು ಅಂದರೆ ನಾಲ್ಕೂ ಮೂಲೆ ಹಿಡಿಕೆಯಂತೆ ಚಾಚಿಕೊಂಡ ತಾಮ್ರದ ಗಟ್ಟಿ. ಸುಮಾರು 3300 ವರ್ಷ ಹಳೆಯ ಹಡಗು. 1984ರಿಂದ 1994ರವರೆಗೆ 22 ಸಾವಿರಕ್ಕೂ ಹೆಚ್ಚು ಸಲ ಮುಳುಗಿ ಎಲ್ಲ ಮೇಲೆ ತಂದರು. 10 ಟನ್ ತಾಮ್ರ, 1 ಟನ್ ತವರ, ನೀಲಿ ಗಾಜಿನ ಗಟ್ಟಿಗಳು, ಆನೆದಂತ, ಈಜಿಪ್ಟಿನ ರಾಣಿ ನೆಫರ್‌ಟಿಟಿಯ ಹೆಸರಿರುವ ಚಿನ್ನದ ಮುದ್ರೆ. ಜೊತೆಗೆ ಮೇಣ ಸವರಿ ಬರೆಯುವ, ಪುಸ್ತಕದಂತೆ ಮಡಚುವ ಪುಟ್ಟ ಮರದ ಹಲಗೆ. ಮೇಣ ಹೋಗಿದೆ, ಅಕ್ಷರವೂ ಹೋಗಿದೆ. ನಮ್ಮೆಲ್ಲರ ಬ್ಲಾಗಿನ ಮುತ್ತಜ್ಜ ಅನ್ನಿಸಿ ಅದರ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ನನ್ನ ಅಭಿಪ್ರಾಯ ಇಷ್ಟೆ. ಕಣ್ಣೆದುರಿಗಿದ್ದ ಅದ್ಭುತವನ್ನು ಸುಣ್ಣ ಮಾಡಿದವರು ದೊಡ್ಡ ಮನೆತನದ ಯೋಧರು. ಕಣ್ಣಿಗೆ ಕಾಣದ್ದು ಉಳಿದದ್ದು ಒಬ್ಬ ಕಸುಬುದಾರನ ಸರಳ ಮಾತಿನಿಂದ. ಹಾಗಂತ ಓದಿದವರೆಲ್ಲ ಕೆಟ್ಟವರು ಅನ್ನುತ್ತಿಲ್ಲ. ಓದಿದವರು ಬರದಿದ್ದರೆ ಆ ಮೊದಲ ಹಡಗು ಗುಜರಿಗೆ ಹೋಗುತ್ತಿತ್ತು. ಆದರೆ ಓದಿದವನು ಮಾಡಬೇಕಾದ ಮೊದಲ ಕೆಲಸ ಹೇಳುವುದಲ್ಲ, ಕೇಳುವುದು. 'ಬಿಸ್ಕತ್ತಿಗೆ ಎಲ್ಲಾದರೂ ಕಿವಿ ಇರುತ್ತೇನಯ್ಯಾ' ಅಂತ ಒಬ್ಬ ನಕ್ಕಿದ್ದರೂ ಸಾಕಿತ್ತು, ಕಥೆ ಮುಗಿಯುತ್ತಿತ್ತು.

ಇದನ್ನು ಬರೆಯಲು ಕಾರಣ ಇದೆ. ನಮ್ಮೂರ ಕೆರೆಯ ದಂಡೆಯಲ್ಲಿ ಒಂದು ಕಲ್ಲಿತ್ತು. ಅಜ್ಜ ಅದನ್ನು 'ಕುದುರೆ ಕಲ್ಲು' ಅನ್ನುತ್ತಿದ್ದರು. ಅದರ ಮೇಲೆ ಅಕ್ಷರ ಇದೆ, ನೀನು ಓದಿದವನಲ್ವಾ, ಯಾರಿಗಾದ್ರೂ ತೋರಿಸೋ ಅಂತ ಪ್ರತಿ ರಜೆಯಲ್ಲೂ ಹೇಳೋರು. ಆಗ ನಾನು ಇಂಜಿನಿಯರಿಂಗ್ ಮೂರನೇ ವರ್ಷ. "ಅಜ್ಜ, ಅದು ಬಟ್ಟೆ ಒಗೆಯೋ ಕಲ್ಲು" ಅಂತ ನಕ್ಕಿದ್ದೆ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಅಜ್ಜ ಹೋದ ಮೇಲೆ ಊರಿಗೆ ಹೋದಾಗ ಕೆರೆ ಏರಿಗೆ ಹೊಸ ಕಲ್ಲುಕಟ್ಟಡ ಆಗಿತ್ತು. ಕುದುರೆ ಕಲ್ಲು ಅದರೊಳಗೆ ಎಲ್ಲೋ ಇದೆ. ಅದು ವೀರಗಲ್ಲೋ, ಶಾಸನವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಬೋದ್ರುಮ್ ಕೋಟೆಯ ಗೋಡೆ ಮುಟ್ಟಿದಾಗ ನೆನಪಾದದ್ದು ಅದೇ. ಆ ಯೋಧರನ್ನು ಬಯ್ಯಲು ಬಾಯಿ ಬರಲಿಲ್ಲ.

ಬೋದ್ರುಮ್‌ಗೆ ಹೋದರೆ ಬೀಚಿಗೆ ಖಂಡಿತ ಹೋಗಿ, ಗುಂಡಿಯನ್ನೂ ನೋಡಿ, ಕೋಟೆಗೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಹೋಗಲು ಆಗದವರು ಮುಂದಿನ ಸಲ ಊರಿಗೆ ಹೋದಾಗ ಅಜ್ಜ ಅಜ್ಜಿ ಹೇಳುವ ಯಾವುದಾದರೂ ಒಂದು ಕಲ್ಲಿನ ಫೋಟೋ ತೆಗೆದು ನಿಮ್ಮ ಬ್ಲಾಗಿಗೆ ಹಾಕಿ. ಅಕ್ಷರ ಓದಲು ಬಾರದಿದ್ದರೂ ಪರವಾಗಿಲ್ಲ, ಓದುವವರು ಯಾರಾದರೂ ಬಂದೇ ಬರುತ್ತಾರೆ.

ಏನಂತೀರಿ? ನಿಮ್ಮೂರಲ್ಲೂ ಇಂಥ ಕಲ್ಲು ಇದೆಯಾ?