ತೂಕದ ಮಿಷನ್ನಿಗೂ ಕಿವಿ ಓಲೆ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಡೇರಿಗೆ ಹಾಲು ಹಾಕೋರೆಲ್ಲ ಸ್ವಲ್ಪ ಇಲ್ಲಿ ಕೇಳಿ. ಫ್ಯಾಟು ಕಮ್ಮಿ ಬಂದರೆ ಟೆಸ್ಟರ್ ಜೊತೆ ಜಗಳ ಆಡ್ತೀವಿ. ರೇಟು ಇಳಿದರೆ ಗೆಜ್ಜಲಗೆರೆ ಕಡೆ ನೋಡ್ತೀವಿ. ಆದರೆ ಮಿಷನ್ನಿಂದ ಕಂಪ್ಯೂಟರಿಗೆ ಹೋಗೋ ಎರಡು ಮೊಳ ವೈರಿನ ಬಗ್ಗೆ ಒಬ್ಬರೂ ಕೇಳಲ್ಲ. ನಮ್ಮ ಬಟವಾಡೆ ಕಾಸು ಹಾದು ಹೋಗೋದು ಆ ವೈರಿನಲ್ಲೇ ಕಣ್ರಪ್ಪ.

ಡೇರಿ ಟೇಬಲ್ ಮೇಲೆ ಇರೋದು ಏನು? ಒಂದು ತೂಕದ ಮಿಷನ್ನು, ಫ್ಯಾಟು ಮತ್ತು ಎಸ್ಎನ್ಎಫ್ ಹೇಳೋ ಅನಲೈಸರ್, ಚೀಟಿ ಹೊಡೆಯೋ ಪ್ರಿಂಟರ್. ತೂಕದ್ದೂ ಅನಲೈಸರೂ ಹೆಚ್ಚಾಗಿ ಹಳೇ ಕಾಲದ 9 ಪಿನ್ನಿನ ಸೀರಿಯಲ್ ವೈರಿನಲ್ಲೇ ಮಾತಾಡ್ತವೆ. ಈಗಿನ ಕಂಪ್ಯೂಟರಿನಲ್ಲಿ ಆ ತೂತೇ ಇರಲ್ಲ. ಹಾಗಾಗಿ ಮಧ್ಯೆ ಒಂದು ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸ್ತಾರೆ. ತಕರಾರು ಶುರುವಾಗೋದು ಅಲ್ಲೇ.

ನನ್ನ ತಂಗಿ ಮಗ ಬೆಂಗಳೂರಲ್ಲಿ ಸರ್ವರ್ ಕೆಲಸ ಮಾಡ್ತಾನೆ. ಅವನು ಬಿಡಿಸಿ ಹೇಳಿದ್ದನ್ನ ನಮ್ಮ ಕೊಟ್ಟಿಗೆ ಲೆಕ್ಕದಲ್ಲೇ ಹೇಳ್ತೀನಿ. ಲಿನಕ್ಸ್ ಇರೋ ಪೆಟ್ಟಿಗೇಲಿ ಮೊದಲು ಕಣ್ಣಿಗೆ ಬಿದ್ದ ಕನ್ವರ್ಟರಿಗೆ ಟಿಟಿವೈ-ಯುಎಸ್‌ಬಿ 0 ಅಂತ ಹೆಸರು, ಆಮೇಲೆ ಕಂಡದ್ದಕ್ಕೆ 1. ಸಾಯಂಕಾಲ ಕೊಟ್ಟಿಗೆಗೆ ಮೊದಲು ನುಗ್ಗಿದ ಹಸುವಿಗೆ ಒಂದನೇ ನಂಬರ್, ಹಿಂದೆ ಬಂದದ್ದಕ್ಕೆ ಎರಡನೇ ನಂಬರ್ ಅಂತ ಬರೆದಂಗೆ. ಇವತ್ತು ಗೌರಿ ಮೊದಲು ಬಂತು, ನಾಳೆ ಲಕ್ಷ್ಮಿ ಮೊದಲು ಬಂದರೆ? ಪುಸ್ತಕದಲ್ಲಿ ಗೌರಿ ಹಾಲು ಲಕ್ಷ್ಮಿ ಲೆಕ್ಕಕ್ಕೆ ಹೋಯ್ತು.

ಇದು ಆಗೋದು ಯಾವಾಗ ಅಂದ್ರೆ ಬೆಳಿಗ್ಗೆ ಆರು ಗಂಟೆಗೆ ಕರೆಂಟು ಹೋಗಿ ಬಂದಾಗ, ಕಸ ಗುಡಿಸೋವಾಗ ವೈರು ಕಿತ್ತು ಬೇರೆ ತೂತಿಗೆ ಹಾಕಿದಾಗ. ಇನ್ನೊಂದು ಐತೆ. ಸಾಫ್ಟ್‌ವೇರು 0 ಅನ್ನೋದನ್ನ ಹಿಡಕೊಂಡು ಕೂತಿರೋವಾಗಲೇ ವೈರು ಅಲ್ಲಾಡಿ ಬಿಟ್ಟು ಸೇರಿದರೆ ಆ ಕನ್ವರ್ಟರ್ ಮತ್ತೆ 0 ಆಗಿ ಬರಲ್ಲ, 2 ಆಗಿ ಬರಬಹುದು. ಸಾಫ್ಟ್‌ವೇರು ಖಾಲಿ ಗೂಟ ನೋಡ್ತಾ ನಿಂತಿರುತ್ತೆ.

ಇಂಥದ್ದು ನಾನು ಹಾಲು ಹಾಕೋ ಕಡೆಯೇ ನಡೀತು, ಹೆಸರು ಬೇಡ. ಪರದೆ ಮೇಲೆ ತೂಕ ಬರಲಿಲ್ಲ, ಫ್ಯಾಟು ಜಾಗದಲ್ಲಿ ಏನೇನೋ ಗೀಚು. ಕ್ಯೂ ರಸ್ತೆಗೆ ಬಂದಿತ್ತು, ಹಾಲು ಕಾಯುತ್ತಾ? ತೂಕ ಕಣ್ಣಲ್ಲಿ ನೋಡಿ ಪುಸ್ತಕಕ್ಕೆ ಬರೆದರು, ಫ್ಯಾಟು ಎಲ್ಲರಿಗೂ 3.5. ನನ್ನ ಜರ್ಸಿ ದಿನಾ 4.2 ಕೊಡೋಳು. ನೀರು ಬೆರೆಸಿ ತಂದೋನಿಗೂ 3.5, ನನಗೂ 3.5. ಮೂರು ದಿನ ಹಂಗೇ ನಡೀತು. ಇದರಲ್ಲಿ ಯಾರ ಮೋಸವೂ ಇಲ್ಲ, ಬರೀ ಹೆಸರು ಅದಲು ಬದಲು. ಮೋಸ ಆಗಿದ್ದರೆ ಹಿಡಿದು ಕೇಳಬಹುದಿತ್ತು, ಇದನ್ನ ಯಾರನ್ನ ಕೇಳ್ತೀರಿ?

ಒಂದು ಮಾತು ನ್ಯಾಯವಾಗಿ ಹೇಳಬೇಕು. ತೂಕ ಮತ್ತು ಅನಲೈಸರ್ ಅದಲು ಬದಲಾದರೆ ಗೊತ್ತಾಗುತ್ತೆ, ಯಾಕಂದ್ರೆ ಎರಡರ ಭಾಷೆ ಬೇರೆ. ನನಗೆ ಭಯ ಇರೋದು ಎರಡು ಕೌಂಟರ್ ಇಟ್ಟಿರೋ ದೊಡ್ಡ ಡೇರಿಗಳದು. ಅಲ್ಲಿ ಎರಡೂ ತೂಕದ ಮಿಷನ್ನು ಒಂದೇ ಕಂಪನೀದು, ಒಂದೇ ಕಂಪ್ಯೂಟರಿಗೆ ಹಾಕಿದ್ದರೆ ಹೆಸರು ಬದಲಾದ್ರೂ ಯಾವ ಗೀಚೂ ಬರಲ್ಲ. ನೀವು ಸುರಿದ 8 ಲೀಟರ್ ಪಕ್ಕದ ಸಾಲಿನೋನ ಹೆಸರಿಗೆ ಸಲೀಸಾಗಿ ಹತ್ತುತ್ತೆ.

ಇದಕ್ಕೆ ಮದ್ದು ಹೊಸದೇನಲ್ಲ. ಲಿನಕ್ಸಿನಲ್ಲಿ ಯುಡೆವ್ ಅನ್ನೋ ಏರ್ಪಾಡು 2003ರಿಂದಲೇ ಐತೆ. ನಮ್ಮ ಹಸುಗಳ ಕಿವಿಗೆ 12 ಅಂಕಿಯ ಓಲೆ ಹೊಡೆದಿಲ್ವೇ, ಹಾಗೇ ಒಳ್ಳೆ ಕನ್ವರ್ಟರಿಗೆ ಹುಟ್ಟಿನಿಂದಲೇ ಒಂದು ಸೀರಿಯಲ್ ನಂಬರ್ ಇರುತ್ತೆ. 'ಈ ನಂಬರ್ ಬಂದರೆ ಇದರ ಹೆಸರು ತೂಕ, ಆ ನಂಬರ್ ಬಂದರೆ ಅದರ ಹೆಸರು ಫ್ಯಾಟು' ಅಂತ ಒಂದೊಂದು ಸಾಲು ಬರೆದಿಟ್ಟರೆ ಯಾವ ತೂತಿಗಾದರೂ ಹಾಕಿ, ಹೆಸರು ಬದಲಾಗಲ್ಲ. ಬರೆದರೆ ಸಾಲದು, ಸಾಫ್ಟ್‌ವೇರಿನಲ್ಲೂ 0, 1 ತೆಗೆದು ಆ ಹೆಸರನ್ನೇ ಕೊಡಬೇಕು. ವಿಂಡೋಸ್ ಇರೋ ಕಡೆ ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ ನಂಬರ್ ಗೊತ್ತು ಮಾಡಬಹುದು. ಸೀರಿಯಲ್ ನಂಬರ್ ಇರೋ ಕನ್ವರ್ಟರ್ ಆದರೆ ವಿಂಡೋಸ್ ಅದನ್ನ ನೆನಪಿಟ್ಟುಕೊಳ್ಳುತ್ತೆ.

ಎಡವೋದು ಅಗ್ಗದ ಮಾಲಿನಲ್ಲಿ. ಸಿಎಚ್340 ಅನ್ನೋ ಚಿಪ್ಪಿನ ಕನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರಲ್ಲ, ಓಲೆ ಇಲ್ಲದ ಹಸು. ಸಿಪಿ2102 ಚಿಪ್ಪಿನವು ಎಷ್ಟೋ 0001 ಅಂತ ಒಂದೇ ನಂಬರ್ ಹೊತ್ತು ಬರ್ತವೆ, ಎರಡು ಹಸುವಿಗೆ ಒಂದೇ ಓಲೆ ಹೊಡೆದಂಗೆ. ಆಗ ಉಳಿಯೋದು ಗೂಟದ ಲೆಕ್ಕ. ಯಾವ ತೂತಿಗೆ ಕಟ್ಟಿದೆ ಅನ್ನೋದರ ಮೇಲೆ ಹೆಸರು ಕೊಡೋದಕ್ಕೂ ಯುಡೆವ್‌ನಲ್ಲಿ ದಾರಿ ಐತೆ. ಆದರೆ ಆಮೇಲೆ ತೂತು ಬದಲಾಯಿಸಂಗಿಲ್ಲ, ಪಕ್ಕದಲ್ಲಿ ಪೇಂಟಿನಲ್ಲಿ ಬರೆದಿರಬೇಕು.

ಸರ್ವಿಸ್ ಹುಡುಗರು 'ವೈರು ಮುಟ್ಟಬೇಡಿ, ಟೇಪ್ ಸುತ್ತಿದೀನಿ' ಅಂತಾರೆ. ಟೇಪಿನ ಮೇಲೆ ನನಗೆ ಕೋಪ ಇಲ್ಲ. ಆದರೆ ಯಾರೂ ಮುಟ್ಟದಿದ್ದರೂ ಕರೆಂಟು ಹೋಗಿ ಬಂದ ಮೇಲೆ ನಂಬರ್ ಬದಲಾಗುತ್ತಲ್ಲ, ಅದಕ್ಕೆ ಟೇಪ್ ಏನು ಮಾಡುತ್ತೆ? ಒಂದು ಸಲ ಅರ್ಧ ಗಂಟೆ ಕೂತು ಮಾಡೋ ಕೆಲಸ ಇದು. ಮಾಡದಿದ್ದರೆ ಪ್ರತಿ ಸಲ ಅವರನ್ನೇ ಕರೆಸಬೇಕು, ಚಾರ್ಜು ಸಂಘದ್ದು.

ಅದಕ್ಕೆ ಈ ಸಲದ ಮಹಾಸಭೇಲಿ ನಾನು ಕೇಳೋದು ಇಷ್ಟು. ಸೀರಿಯಲ್ ನಂಬರ್ ಇರೋ ಕನ್ವರ್ಟರನ್ನೇ ತರಿಸಿ. ಬಿಲ್ಲು ಪಾಸು ಮಾಡೋ ಮುಂಚೆ ಸದಸ್ಯರ ಎದುರು ಎರಡೂ ವೈರು ಕಿತ್ತು, ತೂತು ಬದಲಿಸಿ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ. 5 ಕೆಜಿ ಕಲ್ಲು ಇಟ್ಟರೆ ತೂಕದ ಜಾಗದಲ್ಲೇ 5 ಬರಬೇಕು. ಎರಡು ಕೌಂಟರ್ ಇದ್ದರೆ ಒಂದರಲ್ಲಿ 5, ಇನ್ನೊಂದರಲ್ಲಿ 2 ಇಟ್ಟು ನೋಡಿ. ಬರೆದ ಆ ಸಾಲುಗಳನ್ನ ಕಾಗದದ ಮೇಲೂ ಇಳಿಸಿ ಕಾರ್ಯದರ್ಶಿ ಬೀರುವಿನಲ್ಲಿ ಇಡಿಸಿ. ಕನ್ವರ್ಟರ್ ಸುಟ್ಟು ಹೊಸದು ಹಾಕಿದ ದಿನ ಹಳೇ ನಂಬರ್ ಹೋಗಿ ಹೊಸ ನಂಬರ್ ಬರೀಬೇಕಾಗುತ್ತೆ. ಆವತ್ತು ಆ ಹುಡುಗ ಬೇರೆ ಕೆಲಸಕ್ಕೆ ಹೋಗಿದ್ದರೂ ಕಾಗದ ಇರುತ್ತೆ.