ಹೋರಿಗೆ ಆಟದ ನಿಯಮ ಹೇಳಿದವರಾರು?

ದೀಪಾವಳಿ ಬಂತೆಂದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲೆಲ್ಲ ಹೋರಿ ಬೆದರಿಸುವ ಸ್ಪರ್ಧೆಯದೇ ಮಾತು. ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ಓಡುತ್ತದೆ, ಹುಡುಗರು ಮೈಮೇಲೆ ಬಿದ್ದು ಸರ ಹರಿಯುತ್ತಾರೆ. ಇದು ಮಕ್ಕಳಿಗೆ ಧೈರ್ಯ ಕಲಿಸುವ ನೀತಿಪಾಠವೆಂದು ವಾದಿಸುವವರಿದ್ದಾರೆ. ನಾವು ಒಪ್ಪುವುದಿಲ್ಲ.

ಹೋರಿ ಸಾಕುವ ರೈತನ ಅಕ್ಕರೆಯ ಮೇಲೆ ನಮ್ಮ ತಕರಾರಿಲ್ಲ. ಮನೆಯ ಮಗನಿಗಿಂತ ಹೆಚ್ಚಾಗಿ ಅದಕ್ಕೆ ಹುರುಳಿ, ಹತ್ತಿಕಾಳು ತಿನ್ನಿಸುವವರನ್ನು ನಾವು ಬಲ್ಲೆವು. ನಮ್ಮ ಪ್ರಶ್ನೆ ಬೇರೆ: ಆಟ ನೀತಿ ಕಲಿಸುವುದು ಹೇಗೆ?

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದಕ್ಕೊಂದು ದಾರಿ ತೋರಿಸಿದ. ಬೇಕಿಲ್ಲದ ಅಡ್ಡಿಯನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಹೆಣಗುವುದೇ ಆಟ ಎಂಬುದು ಅವನ ವಾದದ ತಿರುಳು. ಕಬಡ್ಡಿಯನ್ನೇ ನೋಡಿ. ಉಸಿರು ಕಡಿಯಿತೋ ಇಲ್ಲವೋ ಎಂಬುದಕ್ಕೆ ಮೊದಲ ಸಾಕ್ಷಿ ಆಡುವವನೇ. ಅಂಪೈರ್ ಕಾಣದಿದ್ದರೂ ತಾನಾಗಿ ಹೊರನಡೆಯುವ ಹುಡುಗ ಪ್ರಾಮಾಣಿಕತೆಯನ್ನು ಪುಸ್ತಕದಿಂದ ಕಲಿಯಬೇಕಿಲ್ಲ. ಗರಡಿಮನೆಯಲ್ಲಿ ಪೈಲ್ವಾನರು ಕೈ ಕೈ ಮುಟ್ಟಿಸಿ ಪಟ್ಟು ಹಾಕುತ್ತಾರೆ; ಎದುರಾಳಿ ಚಿತ್ ಆದ ಮೇಲೆ ಕೈ ಬಿಡುತ್ತಾರೆ. ಗೆದ್ದವನ ಬೆನ್ನಿಗೂ ಸೋತವನ ಬೆನ್ನಿಗೂ ಅದೇ ಕೆಮ್ಮಣ್ಣು. ಆ ಮಣ್ಣು ಯಾರ ಜಾತಿಯನ್ನೂ ಕೇಳುವುದಿಲ್ಲ.

ಹೋರಿ ಯಾವ ನಿಯಮವನ್ನು ಒಪ್ಪಿತ್ತು? ಅದು ಆಡುತ್ತಿಲ್ಲ, ಬೆದರಿ ಓಡುತ್ತಿದೆ. ಸ್ಪರ್ಧೆಯ ಹೆಸರೇ ಅದನ್ನು ಹೇಳುತ್ತಿದೆಯಲ್ಲ! 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಸತ್ತವರಲ್ಲಿ ಆಟಕ್ಕಿಳಿಯದ ವೃದ್ಧರೂ ಇದ್ದರು. ಅವರು ಯಾವ ನಿಯಮಕ್ಕೆ ಒಪ್ಪಿಗೆ ಕೊಟ್ಟಿದ್ದರು?

ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಡುವ ರಾಜ್ಯಗಳ ತಿದ್ದುಪಡಿ ಕಾಯ್ದೆಗಳನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆಯಲ್ಲ ಎನ್ನಬಹುದು. ಕಾನೂನು ತಡೆಯದ್ದೆಲ್ಲ ನೀತಿಯಾಗುವುದಿಲ್ಲ. ಹುಡುಗರ ಧೈರ್ಯ ಸುಳ್ಳೇ ಎಂದೂ ಕೇಳಬಹುದು. ಸುಳ್ಳಲ್ಲ. ಆದರೆ ಧೈರ್ಯ ಕಳ್ಳನಿಗೂ ಇರುತ್ತದೆ. ತನ್ನ ಬಲಕ್ಕೆ ತಾನೇ ಗೆರೆ ಎಳೆದುಕೊಂಡಾಗ ಮಾತ್ರ ಧೈರ್ಯ ಗುಣವಾಗುತ್ತದೆ.

ಮಕ್ಕಳು ಹಾಳಾದರೆಂದು ಗೋಳಾಡುವ ನಾವೇ ಪರೀಕ್ಷೆ ಹತ್ತಿರ ಬಂದೊಡನೆ ಆಟದ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುತ್ತೇವೆ. ಊರ ಗರಡಿಮನೆಗೆ ಬೀಗ ಬಿದ್ದರೂ ಕೇಳುವುದಿಲ್ಲ. ಹೋರಿಗೆ ಕಟ್ಟುವ ಬಲೂನು, ಬ್ಯಾನರುಗಳ ಹಣದಲ್ಲಿ ಅರ್ಧವನ್ನಾದರೂ ಆ ಬೀಗ ತೆಗೆಸಲು ಕೊಡೋಣ. ಹುಡುಗಿಯರಿಗೂ ಅಲ್ಲಿ ಜಾಗವಿರಲಿ. ಸೋಲನ್ನು ಒಪ್ಪಿ ಎದುರಾಳಿಯ ಕೈ ಕುಲುಕಲು ಕಲಿತ ಮಕ್ಕಳಿಗೆ ಬೇರೆ ನೀತಿಪಾಠ ಹೇಳುವ ಪ್ರಮೇಯ ಕಡಿಮೆ.