ತ್ರಿಕೋನಗಳ ಮೇಲೆ ನಡೆಯುವ ಹಾಡು

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1739ರಲ್ಲಿ ಪ್ರಕಟಿಸಿದ ಸಂಗೀತ ಸಿದ್ಧಾಂತದ ಗ್ರಂಥದಲ್ಲಿ ಸ್ವರಗಳನ್ನು ಆರೋಹಣ ಕ್ರಮಕ್ಕೆ ಬದಲಾಗಿ ಅವುಗಳ ಪಂಚಮ ಮತ್ತು ಗಾಂಧಾರ ಸಂಬಂಧಗಳಿಗೆ ಅನುಗುಣವಾಗಿ ಹೆಣೆದನು. ಮುಂದೆ ಹ್ಯೂಗೊ ರೀಮಾನ್ ಮೊದಲಾದ ಜರ್ಮನ್ ವಿದ್ವಾಂಸರ ಕೈಯಲ್ಲಿ ಬೆಳೆದ ಈ ಹೆಣಿಗೆಗೆ ಟೋನೆಟ್ಜ್, ಅಂದರೆ ಸ್ವರಜಾಲ, ಎಂಬ ಹೆಸರು ನಿಂತಿತು. ಜಾಲದ ಒಂದೊಂದು ತ್ರಿಕೋನವೂ ಒಂದು ಕಾರ್ಡ್, ಎಂದರೆ ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗುಚ್ಛ: ಷಡ್ಜ, ಅಂತರ ಗಾಂಧಾರ, ಪಂಚಮ ಕೂಡಿದರೆ ಮೇಜರ್, ಗಾಂಧಾರವು ಸಾಧಾರಣವಾದರೆ ಮೈನರ್. ಎರಡು ತ್ರಿಕೋನಗಳಿಗೆ ಒಂದು ಭುಜ ಸಮಾನವಾಗಿದ್ದರೆ ಎರಡು ಸ್ವರಗಳು ಇದ್ದಲ್ಲೇ ಉಳಿದು ಮೂರನೆಯದು ಮಾತ್ರ ಸರಿಯುತ್ತದೆ.

ಕಾರ್ಡುಗಳನ್ನು ಹೀಗೆ ಜ್ಯಾಮಿತಿಯ ಕಣ್ಣಿನಿಂದ ನೋಡುವ ವಿಧಾನವನ್ನು ಜನಪ್ರಿಯ ಗೀತೆಗಳಿಗೆ ಅನ್ವಯಿಸಿದಾಗ ದೊರೆಯುವ ಲಾಭಕ್ಕೆ ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ‘ಕ್ರೀಪ್’ (1992) ಒಳ್ಳೆಯ ನಿದರ್ಶನ. ಅದರಲ್ಲಿ ಜಿ ಮೇಜರ್, ಬಿ ಮೇಜರ್, ಸಿ ಮೇಜರ್, ಸಿ ಮೈನರ್ ಎಂಬ ನಾಲ್ಕೇ ಕಾರ್ಡುಗಳು ಸುತ್ತಿ ಸುತ್ತಿ ಬರುತ್ತವೆ. ಎರಡನೆಯದೂ ನಾಲ್ಕನೆಯದೂ ಹಾಡಿನ ಮೂಲ ಶ್ರೇಣಿಗೆ ಸೇರಿದವಲ್ಲವಾದ್ದರಿಂದ ಪಠ್ಯಪುಸ್ತಕಗಳು ಅವಕ್ಕೆ ‘ಎರವಲು’ ಎಂಬಂಥ ಹಣೆಪಟ್ಟಿ ಹಚ್ಚಿ ಸುಮ್ಮನಾಗುತ್ತವೆ. ಜ್ಯಾಮಿತಿಯಾದರೋ ಕಾರ್ಡು ಎಲ್ಲಿಯದೆಂದು ಕೇಳದೆ ಸ್ವರಗಳು ಎಷ್ಟು ದೂರ ಸರಿದವೆಂದು ಅಳೆಯುತ್ತದೆ. ‘ಜಿ’ಯನ್ನು ಷಡ್ಜವೆಂದು ಹಿಡಿದರೆ ಪಂಚಮವು ಶುದ್ಧ ಧೈವತಕ್ಕೆ, ಅಲ್ಲಿಂದ ಚತುಶ್ರುತಿ ಧೈವತಕ್ಕೆ ಏರಿ, ಮತ್ತೆ ಶುದ್ಧ ಧೈವತದ ಮೂಲಕ ಪಂಚಮಕ್ಕೇ ಇಳಿಯುತ್ತದೆ, ಉಳಿದೆರಡು ಸ್ವರಗಳೂ ಒಮ್ಮೆಯೂ ಅರ್ಧಸ್ವರಕ್ಕಿಂತ ಹೆಚ್ಚು ಕದಲುವುದಿಲ್ಲ. ಹೊರಗಿನವೆನಿಸಿದ ಆ ಎರಡು ಕಾರ್ಡುಗಳಿಲ್ಲದೆ ಈ ಏರಿಳಿತವೇ ಇಲ್ಲ.

ಆದರೆ ಜಾಲಕ್ಕೂ ಕೊರತೆಯಿದೆ. ಬಿ ಮೇಜರಿನಿಂದ ಸಿ ಮೇಜರಿಗೆ ಮೂರೂ ಸ್ವರಗಳು ಅರ್ಧಸ್ವರವಷ್ಟೇ ಏರುತ್ತವೆ, ಗಿಟಾರಿನ ಮೇಲೆ ಅದೇ ಹಿಡಿತವನ್ನು ಒಂದು ಮನೆ ಮುಂದಕ್ಕೆ ಜಾರಿಸಿದರೆ ಸಾಕು. ಜಾಲದಲ್ಲಿ ಮಾತ್ರ ಆ ತ್ರಿಕೋನಗಳಿಗೆ ಒಂದು ಶೃಂಗವೂ ಸಮಾನವಲ್ಲ. ಸಂಗೀತ ಸಿದ್ಧಾಂತಿ ಡಿಮಿತ್ರಿ ಟಿಮೊಚ್ಕೊ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟ ಮಾದರಿ ಇಲ್ಲಿ ಹೆಚ್ಚು ನಂಬಲರ್ಹ: ಅದರಲ್ಲಿ ಪ್ರತಿ ಕಾರ್ಡೂ ಒಂದು ಬಿಂದು, ಬಿಂದುಗಳ ನಡುವಿನ ಅಂತರವೇ ಸ್ವರಗಳ ಚಲನೆಯ ಅಳತೆ, ಮೂರು ಸ್ವರಗಳ ಕಾರ್ಡುಗಳೆಲ್ಲ ಸೇರಿದ ಅವಕಾಶವು ತಿರುಚಿ ತುದಿಗೆ ತುದಿ ಅಂಟಿಸಿದ ತ್ರಿಕೋನ ಪಟ್ಟಕ.

ಆದರೂ ಲಯ, ನಾದಗುಣ, ಗಾಯಕನ ಕಂಠ ಇವಾವುವೂ ಇಂಥ ನಕ್ಷೆಗಳಲ್ಲಿ ಮೂಡುವುದಿಲ್ಲ. ಉದಾಹರಣೆಗೆ, ‘ಕ್ರೀಪ್’ನ ಇದೇ ಕಾರ್ಡುಗಳ ನಡೆಯನ್ನು ಆಲ್ಬರ್ಟ್ ಹ್ಯಾಮಂಡ್ ಮತ್ತು ಮೈಕ್ ಹೇಜಲ್‌ವುಡ್ ತಮ್ಮ ‘ದಿ ಏರ್ ದಟ್ ಐ ಬ್ರೀದ್’ ಗೀತೆಯಲ್ಲಿ ಮೊದಲೇ ಬಳಸಿದ್ದರು. ‘ಕ್ರೀಪ್’ನ ರಚನಕಾರರ ಸಾಲಿಗೆ ಅವರಿಬ್ಬರ ಹೆಸರೂ ಸೇರಿತು. ಆ ಭಾಗದಲ್ಲಿ ನಕ್ಷೆಗೆ ಎರಡೂ ಹಾಡುಗಳು ಒಂದೇ, ಕೇಳುಗನ ಕಿವಿಗೆ ಅಲ್ಲ.